ಕುಂಬಾರರ ಹೆಸರು ಬೇಡವಂತೆ

"ಭಯ್ಯಾ, ಆ ಬೋರ್ಡು ತೆಗೀಬೇಡಿ!" ಮಡಕೆ ಮಾರುವ ಮುದುಕಿ ರಾಮವತಿ, ಬೋರ್ಡು ಬಿಚ್ಚಲು ಹತ್ತಿದವನ ಏಣಿ ಹಿಡಿದು ಕೂಗುತ್ತಿದ್ದರು. ಲಕ್ಷ್ಮೀ ನಗರದ ನಮ್ಮ 'ಕುಮ್ಹಾರ್ ಗಲಿ'ಯನ್ನು, ಅಂದರೆ ಕುಂಬಾರರ ಓಣಿಯನ್ನು, ನಿವಾಸಿಗಳ ಸಂಘದವರು 'ರೋಸ್ ಲೇನ್' ಮಾಡಲು ಹೊರಟಿದ್ದರು. "ನಮ್ಮ ಮಾವ ಇಲ್ಲಿ ಮಡಕೆ ಸುಡ್ತಿದ್ದಾಗ ನಿಮ್ಮದೊಂದು ಮನೆಯೂ ಇರಲಿಲ್ಲ!"

ಸಂಘದ ಕಾರ್ಯದರ್ಶಿ ಆಕೆಯತ್ತ ತಿರುಗಿಯೂ ನೋಡದೆ ಒಪ್ಪಿಗೆಯ ಹಾಳೆಯನ್ನು ನನಗೆ ಚಾಚಿದರು. "ಸೈನ್ ಮಾಡಿ. ಕುಂಬಾರರ ಹೆಸರಿದ್ರೆ ಒಳ್ಳೆ ಜನ ಬಾಡಿಗೆಗೆ ಬರಲ್ಲ."

ನನಗೆ ಮೈಯೆಲ್ಲ ಉರಿಯಿತು. "ಹನ್ನೊಂದು ವರ್ಷದಿಂದ ನಾನಿಲ್ಲಿ ಬಾಡಿಗೆಗಿದ್ದೀನಲ್ಲ, ನಾನೇನು ಕೆಟ್ಟವನಾ?" ಎಂದು ಕೇಳಿ, ಸಹಿ ಹಾಕದೆ ಹಾಳೆ ಹಿಂದಿರುಗಿಸಿದೆ.

ಆದರೂ ಬೋರ್ಡು ಬದಲಾಯಿತು. ಪ್ರತಿ ಬೇಸಿಗೆಯಲ್ಲೂ ರಾಮವತಿಯ ಮಡಕೆಯಿಂದ ತಣ್ಣೀರು ಕುಡಿಯುವ ಅಷ್ಟೂ ಮನೆಯವರು ಸಹಿ ಹಾಕಿದ್ದರಂತೆ. ಆ ಸಿಟ್ಟು ಇನ್ನೂ ಇಳಿದಿಲ್ಲ.