ಹೊಳೆದಂಡೆಯ ಕೋಟೆಯ ಅಂಚೆಚೀಟಿ

ಕಾಕಾ ಅವರ ಬೆರಳ ತುದಿಗಳು ಸದಾ ನೀರಲ್ಲಿ ನೆನೆದು ಸುಕ್ಕುಗಟ್ಟಿರುತ್ತಿದ್ದವು. ಪಾಲಾರಿವಟ್ಟಂನಲ್ಲಿ ನಮ್ಮ ಕೆಳಗಿನ ಮನೆಯವರು. ಬಾಗಲಕೋಟೆ ಕಡೆಯಿಂದ ಬಂದು ಅಲ್ಲೇ ಹತ್ತಿರದ ಏಲೂರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ವರ್ಗವಾಗಿ ಬಂದ ನನಗೆ ಬ್ಯಾಂಕಿನಲ್ಲಿ ದಿನವಿಡೀ ಇಂಗ್ಲಿಷು, ಬಸ್ಸಿನಲ್ಲಿ ಮಲಯಾಳ. ಸಂಜೆ ಅವರ "ಬಾ ತಂಗಿ, ಚಾ ಕುಡಿ" ಕಿವಿಗೆ ಬಿದ್ದರೇನೇ ಮನೆಗೆ ಬಂದಂತಾಗುತ್ತಿತ್ತು.

ಅವರದು ಅಂಚೆಚೀಟಿಯ ಹುಚ್ಚು. ಲಕೋಟೆಯ ಮೂಲೆ ಕತ್ತರಿಸಿ, ಉಗುರುಬೆಚ್ಚಗಿನ ನೀರಲ್ಲಿ ತೇಲಿಬಿಟ್ಟು, ಚೀಟಿ ತಾನಾಗಿ ಜಾರುವವರೆಗೆ ಕಾಯುವರು. ಹಿಂಬದಿಯಲ್ಲಿ ಕಾಗದದ ಒಂದು ಎಳೆ ಉಳಿದರೂ ಮತ್ತೆ ನೀರಿಗೇ. ಮಳೆಗಾಲದ ಥಂಡಿ ತಾಗದಂತೆ ಕಪಾಟಿನೊಳಗೆ ಹಗಲೂ ರಾತ್ರಿ ಬಲ್ಬು ಉರಿಯುತ್ತಿತ್ತು. "ದೇವರ ಮುಂದೂ ಇಷ್ಟು ದೀಪ ಹಚ್ಚೀರೇನು?" ಎಂದು ಕಾಡಿದರೆ, "ದೇವರಿಗೆ ಬೂಷ್ಟು ಹಿಡಿಯಂಗಿಲ್ಲ ತಂಗಿ" ಎನ್ನುವರು.

ಆಲ್ಬಮ್ಮಿನ ಮೊದಲ ಪುಟದಲ್ಲಿ ಒಂದೇ ಚೀಟಿ. ಯಾವುದೋ ಹೊರದೇಶದ್ದು. ಹೊಳೆಯ ದಂಡೆಗೆ ಶತಮಾನಗಳ ಹಿಂದಿನ ಕಲ್ಲಿನ ಕೋಟೆ, ಅದರ ದುಂಡನೆಯ ಬುರುಜುಗಳು. ಅವರ ಹೆಂಡತಿ ತಿರುವನಂತಪುರದಲ್ಲಿ ವಿಜ್ಞಾನಿ, ಇವರು ಏಲೂರಿನಲ್ಲಿ. ಸಂಸಾರ ಅರ್ಧ ನಡೆದದ್ದೇ ಕಾಗದಗಳಲ್ಲಿ. ಆಕೆ ತರಬೇತಿಗೆಂದು ಹೊರದೇಶಕ್ಕೆ ಹೋದಾಗ ಬರೆದ ಕಾಗದದ ಮೇಲಿನ ಚೀಟಿ ಅದು.

ಆಕೆ ತೀರಿಕೊಂಡ ಮೇಲೆ, ದೊಡ್ಡ ನೆರೆ ಬಂದ ವರ್ಷ, ಏಲೂರಿನ ಮನೆಗೆ ಪೆರಿಯಾರ್ ಹೊಳೆ ನುಗ್ಗಿತು. ಕಾಕಾ ಮೊದಲು ಆಲ್ಬಮ್ಮುಗಳನ್ನು ಮಹಡಿಗೆ ಹೊತ್ತರು. ಕಾಗದಗಳ ಟ್ರಂಕಿಗಾಗಿ ಇಳಿದು ಬರುವಷ್ಟರಲ್ಲಿ ಅದು ಮುಳುಗಿಹೋಗಿತ್ತು. ಆ ಮನೆ ಬಿಟ್ಟು ಪಾಲಾರಿವಟ್ಟಂಗೆ ಬಂದದ್ದು ಆಮೇಲೆ.

"ಆಕಿ ಅಕ್ಷರ ಒಂದೂ ಉಳೀಲಿಲ್ಲ ತಂಗಿ," ಎಂದಿದ್ದರು ಒಮ್ಮೆ. "ಲಕೋಟಿ ಎಲ್ಲಾ ನಾನ ನೀರಾಗ ಹಾಕಿದ್ನಿ. ಉಳಿದದ್ದು ಹೊಳಿ ತಗೊಂಡ್ಹೋತು."

ನಾನು ಚಹಾದ ಲೋಟ ತೊಳೆದಿಡಲು ಎದ್ದೆ.

ಕೊನೆಗಾಲಕ್ಕೆ ತಿರುವನಂತಪುರದ ಉಳ್ಳೂರಿನಲ್ಲಿದ್ದ ಮಗಳ ಮನೆ ಸೇರಿದರು, ಅಲ್ಲೇ ಹೋಗಿಬಿಟ್ಟರು. ಮಗಳನ್ನು ಮಾತಾಡಿಸಿ ಬರಲು ಹೋದಾಗ ಆಕೆ ಆಲ್ಬಮ್ ತಂದು ನನ್ನ ಮುಂದಿಟ್ಟಳು. ಮಲಯಾಳದಲ್ಲೇ ಬೆಳೆದವಳು, ಕನ್ನಡಕ್ಕೆ ತಡವರಿಸುತ್ತಾಳೆ, ನನ್ನನ್ನು ಅಕ್ಕ ಎನ್ನುವ ಬದಲು ಚೇಚಿ ಎನ್ನುತ್ತಾಳೆ.

"ಚೇಚಿ, ಅಮ್ಮ ಬರೆದದ್ದು ಏನಾದ್ರೂ ಐತಾ ಇದ್ರಾಗೆ? ನಂಗೆ ಓದಾಕ ಬರಂಗಿಲ್ಲ. ಚುಮ್ಮಾ, ಸುಮ್ನ ನೋಡಾಕ."

ಕೋಟೆಯ ಚೀಟಿಯನ್ನು ಚಿಮಟದಲ್ಲಿ ಹಿಡಿದು ತಿರುವಿದೆ. ಲಕೋಟೆಯ ಒಂದು ಚೂರು, ಅದರ ಮೇಲೊಂದು ಶಾಯಿಯ ಗೆರೆ ಉಳಿದಿರಲಿ ಎಂದು ಬೇಡಿಕೊಂಡೆ. ಹಿಂಬದಿ ಬೆಳ್ಳಗಿತ್ತು. ಕಾಕಾ ಅವರ ಕೆಲಸ ಅಷ್ಟು ಚೊಕ್ಕ. ಆ ಚೊಕ್ಕತನದ ಮೇಲೆ ನನಗೆ ಅಂದು ಸಿಟ್ಟು ಬಂತು, ಅಳುವೂ ಬಂತು.

ಚೀಟಿಯನ್ನು ಆಕೆಯ ಅಂಗೈ ಮೇಲಿಟ್ಟು, "ಇದನ್ನ ನಿಮ್ಮಮ್ಮ ಕೈಯಾರೆ ಲಕೋಟೆಗೆ ಹಚ್ಚಿದ್ದು" ಎಂದೆ.