ಭೀಮರಾಜ್ ಗಾಳಿ ಕಲಿತದ್ದು

ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತಿದ್ದಾಗ ಲಕ್ಷ್ಮೀದೇವಮ್ಮ ಭೀಮರಾಜ್‌ನ ಸುದ್ದಿಯನ್ನು ಮೊದಲು ಕೇಳಿದ್ದು.

"ತಮ್ಮನ ತಿಥಿ ಆಗಿ ಇನ್ನೂ ತಿಂಗಳಿಲ್ಲ ಕಣಮ್ಮೋ, ಅಣ್ಣ ಅನ್ನಿಸ್ಕೊಂಡೋನು ಅದೇ ತೆಪ್ಪಕ್ಕೆ ಸೀರೆ ಕಟ್ಕೊಂಡು ಕೆರೆ ಮೇಲೆ ಓಡಾಡ್ತಾವ್ನೆ," ಎಂದಳು ಪಕ್ಕದಲ್ಲಿದ್ದ ಅನುಸೂಯಮ್ಮ.

"ಯಾರ ಸೀರೆನೇ?"

"ಹೆಂಡ್ತಿದಂತೂ ಅಲ್ಲ. ಇದ್ರೆ ತಾನೆ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಲಕ್ಷ್ಮೀದೇವಮ್ಮನಿಗೂ ನಗು ಬಂತು. ಆಮೇಲೆ ಸತ್ತವನು ನೆನಪಾಗಿ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಆ ಕೆರೆ ಬತ್ತಿ ಒಂದು ತಲೆಮಾರೇ ಕಳೆದಿತ್ತು. ಒಳಗೆಲ್ಲ ಜಾಲಿ ಬೆಳೆದು, ಲಾರಿಗಳು ಮಣ್ಣು ಬಗೆದು ಹೊತ್ತು, ಕೆರೆ ಅನ್ನುವುದು ಬರೀ ಹೆಸರಾಗಿತ್ತು. ಅಂಥದ್ದರಲ್ಲಿ ಆ ವರ್ಷ ಕಂಡರಿಯದ ಮಳೆ ಹೊಯ್ದು ಕೋಡಿ ಬಿತ್ತು. ಜನ ಬಾಗಿನ ಕೊಟ್ಟು ಕುಣಿದರು. ಆದರೆ ಭೀಮರಾಜ್‌ನ ತಮ್ಮ ಬೀರೇಶನ ಸೊಪ್ಪಿನ ತೋಟ ಆಚೆ ದಡದಲ್ಲಿ ಉಳಿದುಹೋಯಿತು. ಕೆರೆ ಸುತ್ತಿ ಬರುವಷ್ಟರಲ್ಲಿ ಹೊಸಕೋಟೆಗೆ ಹೋಗುವ ಸಂಜೆ ಟೆಂಪೋ ಹೊರಟುಬಿಡುತ್ತಿತ್ತು. ಪ್ಲಾಸ್ಟಿಕ್ ಡ್ರಮ್ಮು, ಬಿದಿರು ಸೇರಿಸಿ ಅವನೊಂದು ತೆಪ್ಪ ಕಟ್ಟಿದ. ಮಣ್ಣು ತೆಗೆದ ಗುಂಡಿಗಳಲ್ಲಿ ಬಿದಿರು ಗಳ ಊರಿದರೆ ನೆಲ ಸಿಗುತ್ತಿರಲಿಲ್ಲ. ಅದಕ್ಕೇ ಸೀರೆಯ ಹಾಯಿ. ಅಷ್ಟು ನೀರಿನ ಮೇಲೆ ಗಾಳಿ ಹೇಗೆ ಆಡುತ್ತದೆಂದು ಹೇಳಬಲ್ಲವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಒಂದು ಮಧ್ಯಾಹ್ನ ತೆಪ್ಪ ಮಗುಚಿತು. ಸೊಪ್ಪಿನ ಕಟ್ಟುಗಳು ತೇಲಿಕೊಂಡು ದಡಕ್ಕೆ ಬಂದವು, ಬೀರೇಶ ಬರಲಿಲ್ಲ.

ಅವನ ಹೆಂಡತಿ ಪ್ರಿಯಾಂಕಳಿಗೆ ಬದುಕಲು ಇದ್ದದ್ದು ಆ ತೋಟವೊಂದೇ. ತಾನೇ ತೆಪ್ಪ ಹತ್ತುತ್ತೇನೆ ಎಂದು ಅವಳು ಹೊರಟಾಗ ಭಾವ ಭೀಮರಾಜ್ ಅಡ್ಡ ನಿಂತ. "ಗಾಳಿ ಯಾವಾಗ ತಿರುಗುತ್ತೆ ಅಂತ ಮೊದ್ಲು ನಾನು ಕಲೀತೀನಿ. ಆಮೇಲೆ ನೀನು ಹತ್ತುವಂತೆ."

ಹಾಯಿಗೆ ಸೀರೆ ಕೊಟ್ಟವಳು ಅವಳೇ.

ಲಕ್ಷ್ಮೀದೇವಮ್ಮ ಹಸು ಕಟ್ಟುತ್ತಿದ್ದದ್ದು ಕೆರೆ ಏರಿಯ ಹೊಂಗೆಮರದಡಿ. ಅಲ್ಲೇ ಭೀಮರಾಜ್ ಸುಮ್ಮನೆ ಕೂತಿರುತ್ತಿದ್ದ.

"ಏನಪ್ಪಾ, ಕೊಕ್ಕರೆ ಎಣಿಸ್ತಿದ್ದೀಯಾ?"

"ಮುಖ ಯಾವ ಕಡೆ ಮಾಡವೆ ಅಂತ ನೋಡ್ತಿದ್ದೀನಿ ಕಣವ್ವಾ. ಗಾಳಿಗೆ ಎದೆ ಕೊಟ್ಟು ಕೂರ್ತವೆ. ಬೆನ್ನು ಕೊಟ್ರೆ ಪುಕ್ಕ ಎದ್ದು ಮಾನ ಹೋಗಲ್ವಾ!"

ಹೀಗೆ ಶುರುವಾದ ಮಾತು ದಿನವೂ ಬೆಳೆಯಿತು. ವಿಮಾನ ತಲೆ ಮೇಲೆ ಹಾದು ದೇವನಹಳ್ಳಿ ಕಡೆ ಇಳಿದರೆ ಪಡುವಲ ಗಾಳಿ, ಇಳಿಯದಿದ್ದರೆ ಮೂಡಲದ್ದು ಎಂದು ಅವನು ತೋರಿಸಿಕೊಟ್ಟ. ಮೂಡಲ ದಡದ ಗೋದಾಮುಗಳ ಮೂಲೆಯಲ್ಲಿ ಗಾಳಿ ಗುದ್ದಿಕೊಂಡು ಬರುತ್ತದೆ, ತಮ್ಮ ಅಲ್ಲೇ ಹೋಗಿದ್ದು ಎಂದೂ ಹೇಳಿದ. ಅವಳು ತನಗೆ ಗೊತ್ತಿದ್ದ ಗಾಳಿಯನ್ನು ಹೇಳಿದಳು. ಕಣದಲ್ಲಿ ಅಪ್ಪ ರಾಗಿ ತೂರುವಾಗ ಗಾಳಿ ನಿಂತುಹೋದರೆ ಎತ್ತಿದ ಮೊರ ಇಳಿಸುತ್ತಿರಲಿಲ್ಲ. ಹೋದ ಗಾಳಿ ಬಂದ ದಾರಿಯಲ್ಲೇ ಬರುತ್ತದೆ ಎಂದು ಕೈ ನೋಯುವವರೆಗೂ ಕಾಯುತ್ತಿದ್ದ.

"ನಮ್ಮ ತಾತನೂ ಹಂಗೇ ನಿಂತಿರ್ತಿದ್ದ, ಗರುಡಗಂಬದಂಗೆ," ಎಂದು ಭೀಮರಾಜ್ ನಕ್ಕ.

ಆ ಚಳಿಗಾಲವೆಲ್ಲ ಅವಳಪ್ಪನ ಮಾತು ಸುಳ್ಳಾಗಲಿಲ್ಲ. ಗಾಳಿ ನಿಂತರೆ ಹಾಯಿ ಎತ್ತಿಕೊಂಡೇ ಕಾಯುತ್ತಿದ್ದ, ಅದು ಮತ್ತೆ ಅದೇ ಕಡೆಯಿಂದ ಬಂದು ತೆಪ್ಪವನ್ನು ನೂಕುತ್ತಿತ್ತು. ಸೊಪ್ಪು ಟೆಂಪೋಗೆ ಸಿಕ್ಕುತ್ತಿತ್ತು. ವೈಶಾಖ ಬಂದಾಗ, "ನಾಳೆ ನೀನೂ ಬಾಮ್ಮ," ಎಂದು ಪ್ರಿಯಾಂಕಳಿಗೆ ಹೇಳಿ, ಆ ದಿನವೊಂದು ತಾನೊಬ್ಬನೇ ಹೋದ.

ಏರಿಯ ಮೇಲಿಂದ ಲಕ್ಷ್ಮೀದೇವಮ್ಮ ಎಲ್ಲವನ್ನೂ ನೋಡಿದಳು. ನಡು ಕೆರೆಯಲ್ಲಿ ಪಡುವಲ ಗಾಳಿ ಸತ್ತುಹೋಯಿತು. ಸೀರೆ ಒದ್ದೆ ಬಟ್ಟೆಯಂತೆ ಜೋತುಬಿತ್ತು. ಭೀಮರಾಜ್ ಅದನ್ನು ಇಳಿಸದೆ, ಪಡುವಲಕ್ಕೆ ಮುಖ ಮಾಡಿ ಬಿದಿರು ತಬ್ಬಿಕೊಂಡು ಕಾಯುತ್ತಾ ನಿಂತ. ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ಮೂಡಲ ಕಡೆ ಗೋದಾಮಿನ ತಗಡು ಧಡಧಡ ಎಂದಿತು. "ಲೋ ಭೀಮಾ, ಹಿಂದ್ಗಡೆಯಿಂದ ಬತ್ತಾ ಐತೆ ಕಣೋ!" ಎಂದು ಅವಳು ಗಂಟಲು ಹರಿಯುವಂತೆ ಕೂಗಿದಳು. ಹಾಯಿ ತಿರುಚಿಕೊಂಡು ತೆಪ್ಪ ಅಡಿಮೇಲಾಯಿತು.

ಮೀನಿನವರು ಎಳೆದು ತಂದಾಗ ಉಸಿರಿತ್ತು. ಆದರೆ ಆ ಕೊಳೆನೀರು ಎದೆಗಿಳಿದು ಜ್ವರ ಹತ್ತಿತು. ಹೊಸಕೋಟೆಯ ಆಸ್ಪತ್ರೆಗೆ ಲಕ್ಷ್ಮೀದೇವಮ್ಮ ಎಳನೀರು ತೆಗೆದುಕೊಂಡು ಹೋದಳು. ಅವನ ಬಾಯಿಂದ ಮಾತು ಕೇಳಿದ್ದು ಅವತ್ತೇ ಕೊನೆ. ಮಾರನೆಯ ದಿನ ಅವನನ್ನು ಊರಿಗೆ ತಂದದ್ದು ಆಂಬ್ಯುಲೆನ್ಸಿನಲ್ಲಿ, ಬಿಳಿ ಬಟ್ಟೆ ಹೊದಿಸಿ.

"ನಿಮ್ಮಪ್ಪ ಹೇಳಿದ್ದು ಸುಗ್ಗಿ ಗಾಳಿ ಕಣವ್ವಾ," ಎಂದಿದ್ದ ಅವತ್ತು ಆಸ್ಪತ್ರೆಯಲ್ಲಿ, ಉಸಿರು ಎಳೆದೆಳೆದುಕೊಂಡು. "ವೈಶಾಖದ್ದು ಬೇರೆ. ನಿಂತ್ರೆ ಹೋಯ್ತು ಅಂತಲ್ಲ, ತಿರುಗ್ತಾ ಐತೆ ಅಂತ."

"ಸುಮ್ನಿರಪ್ಪಾ, ದಣೀಬೇಡ."

"ಪ್ರಿಯಾಂಕ ತೋಟ ಮಾರ್ತೀನಿ ಅಂತಾವ್ಳೆ. ಬೇಡ ಅನ್ನು. ತೆಪ್ಪ ಹತ್ತಲಿ, ತಡೀಬೇಡ." ಅವಳ ಕೈ ಹಿಡಿದುಕೊಂಡ. "ನೀನು ಏರಿ ಮೇಲೆ ಇರ್ತೀಯಲ್ಲ. ಗಾಳಿ ನಿಂತ ತಕ್ಷಣ ಹಾಯಿ ಇಳ್ಸು ಅಂತ ಹೇಳವ್ವಾ ಅವಳಿಗೆ. ಕೂಗಿದ್ರೆ ಅಷ್ಟು ದೂರ ಕೇಳ್ಸಲ್ಲ, ನಂಗೂ ಕೇಳಿಸ್ಲಿಲ್ಲ. ಎದ್ದು ನಿಂತು ಟವಲ್ ಬೀಸು. ಬೀಸ್ತೀಯಾ?"