ಹೊತ್ತು ಮುಳುಗದ ಗ್ರಹ

ಚನ್ನರಾಯಪಟ್ಟಣದ ಪಾತ್ರೆ ಅಂಗಡಿಯ ವಿಮಲಮ್ಮನವರ ಕಿವಿಯಲ್ಲಿ ಸದಾ ಒಂದು ಆಡಿಯೋ ಕಥೆ ಓಡುತ್ತಿರುತ್ತದೆ. ಅದರಲ್ಲಿ ರಾಕೆಟ್ಟೋ ರಾಕ್ಷಸನೋ ಇರಲೇಬೇಕು. ಕುಕ್ಕರ್ ಕೊಳ್ಳಲು ಹೋದವರು ಅವರ ವಿಮರ್ಶೆ ಕೇಳದೆ ಹೊರಬಂದದ್ದಿಲ್ಲ. "ಡ್ರ್ಯಾಗನ್ ದನಿ ತೆಗೀತೀನಿ ಅಂತ ಆವಯ್ಯ ನೆಗಡಿ ಆದೋನಂಗೆ ಓದ್ತಾನೆ ಕಣಪ್ಪಾ!" ಕಾಲಯಂತ್ರವನ್ನು ನಂಬುತ್ತಾರೆ, ಮೂರು ತಲೆಯ ರಾಜನನ್ನೂ ಒಪ್ಪುತ್ತಾರೆ, ಆದರೆ ವೀರರು ಕತ್ತಲಲ್ಲಿ ಬೆಂಕಿ ಹಾಕಿಕೊಂಡು ಉಣ್ಣಲು ಕೂತರೆ ಸಿಡುಕಿ ಕಥೆಯನ್ನೇ ನಿಲ್ಲಿಸುತ್ತಾರೆ. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಜೈನರ ಮನೆ ಅವರದು. ಮತ್ತೆ ಮತ್ತೆ ಕೇಳುವ ಕಥೆ ಮಾತ್ರ ಒಂದೇ: ಒಬ್ಬ ಸೂರ್ಯ ಮುಳುಗುವಷ್ಟರಲ್ಲಿ ಇನ್ನೊಬ್ಬ ಹುಟ್ಟುವ, ಎಂದೂ ಕತ್ತಲಾಗದ ಗ್ರಹದ್ದು. ಅದರಲ್ಲಿ ಅಂಥದ್ದೇನಿದೆ ಎಂದು ಮೊನ್ನೆ ಕೇಳಿದೆ. ಕೈಯಲ್ಲಿದ್ದ ಫ್ಲಾಸ್ಕನ್ನು ಸುಮ್ಮನೆ ಒರೆಸಿದರು. "ನಮ್ಮ ಯಜಮಾನ್ರು ಹಾಸನದ ಆಸ್ಪತ್ರೇಲಿದ್ರು. ಗಂಜಿ ತಗೊಂಬಾ ಅಂದ್ರು. ಬಸ್ಸು ತಡವಾಗಿ, ನಾನು ಹೋಗೋಷ್ಟ್ರಲ್ಲಿ ಹೊತ್ತು ಮುಳುಗಿತ್ತು. ಎಷ್ಟು ಬೇಡ್ಕೊಂಡ್ರೂ ಮುಟ್ಲಿಲ್ಲ, ಬೆಳಗ್ಗೆ ಕುಡೀತೀನಿ ಬಿಡು ಅಂದ್ರು. ಬೆಳಗಾಗೋದ್ರೊಳಗೆ ಹೋಗ್ಬುಟ್ರು." ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಭದ್ರ ಮಾಡಿದರು. "ಆ ಗ್ರಹದಲ್ಲಾಗಿದ್ರೆ ಕುಡ್ದಿರೋರು ಕಣಪ್ಪಾ. ಮನೆಗೆ ವಾಪಸ್ ತಂದು ಮುಚ್ಚಳ ತೆಗೆದಾಗ್ಲೂ ಗಂಜಿ ಬಿಸಿಯಾಗೇ ಇತ್ತು."